ಸಮ್ಮತಿ ಯಾರದು?

ನಮ್ಮ ಕಡೆ ಮಂದಿಗೆ ಸೊಲ್ಲಾಪುರದ ಗಡ್ಡಾ ಜಾತ್ರೆಯ ಕಥಿ ಹೇಳುವುದಂದ್ರ ಒಕ್ಕಲಿಗನಿಗೆ ಕೂರಿಗಿ ತೋರಿಸಿದಂಗ. ಆದರೂ ಈ ಪುಸ್ತಕ ಶಾಲಿ ಮಕ್ಕಳ ಕೈಗೂ ಹೋಗತದ ಅಂತ ಮಾಸ್ತರು ಅಂದದ್ದಕ್ಕ ಮೊದಲು ಅಷ್ಟು ಹೇಳಿ ಮುಂದಕ್ಕ ಹೋಗತೀನಿ.

ಸಂಕ್ರಾಂತಿ ಹಿಂದು-ಮುಂದಿನ ದಿನಗಳಲ್ಲಿ ಅಲ್ಲಿ ಸಿದ್ಧರಾಮೇಶ್ವರರ ಲಗ್ನ ಆಗತದ. ಪ್ರತಿ ವರ್ಷ ಅದೇ ವರ, ಅದೇ ವಧು. 7 ನಂದಿಕೋಲು ಮೆರವಣಿಗೆ ಹೊರಡತಾವ. ಮೊದಲ ದಿನ ಊರ ಸುತ್ತಿನ 68 ಲಿಂಗಗಳಿಗೆ ಎಣ್ಣಿಮಜ್ಜನ. ಭೋಗಿ ದಿನ ಸಮ್ಮತಿ ಕಟ್ಟಿ ಹತ್ತಿರ ಅಕ್ಷತಾ. ಸಂಕ್ರಾಂತಿ ದಿನ ಹೋಮ. ಮರುದಿನ ರಾತ್ರಿ ಮದ್ದು ಸುಡುವುದು. 12ನೇ ಶತಮಾನದಾಗ ಇದೇ ಊರಾಗ, ಸೊನ್ನಲಿಗೆ ಅಂತಿದ್ದರು ಆಗ, ಸಿದ್ಧರಾಮರು ಮಂದಿ ಕೂಡಿಸಿ ಕೆರಿ ಕಟ್ಟಿಸಿದರು. ಅವರ ಅಂಗಳ ಕಸಾ ಹೊಡದು ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿ ಒಬ್ಬಳು, ಲಗ್ನ ಆದರ ಇವರನ್ನೇ ಅಂದಳಂತ. ಅವರು ಯೋಗಿ, ಒಲ್ಲೆ ಅಂದರು. ಹುಡುಗಿ ಬಿಡಲಿಲ್ಲ. ಕಡೀಕ ನನ್ನ ಯೋಗದಂಡದ ಜೋಡಿ ಲಗ್ನ ಆಗು ಅಂತ ಅಪ್ಪಣೆ ಕೊಟ್ಟರು. ಆ ದಂಡನೇ ಇವತ್ತಿನ ನಂದಿಕೋಲು. ಹಿರಿಯರು ಹೇಳುವ ಕಥಿ ಇಷ್ಟು.

ನಾನು ಗೀಗಿ ಪದ ಹಾಡುವವ, ಹರದೇಶಿ ಕಡೆಯವ. ನಮ್ಮದು ಗಂಡು ಹೆಚ್ಚು ಅಂತ ಹಾಡುವ ಪಕ್ಷ, ನಾಗೇಶಿಯವರದು ಹೆಣ್ಣು ಹೆಚ್ಚು ಅಂತ. ಸುಮಾರು ವರ್ಷಗಳ ಹಿಂದ ನಮ್ಮ ತಾಲೂಕಿನ ಒಂದು ಊರ ಜಾತ್ರ್ಯಾಗ ಎದುರು ಮೇಳದ ಅಕ್ಕ ದಪ್ಪು ಕೆಳಗಿಟ್ಟು ಒಂದು ಪ್ರಶ್ನೆ ಹಾಕಿದಳು. ಸಮ್ಮತಿ ಕಟ್ಟಿಯ ಮ್ಯಾಲ ಓದುವ ಸಮ್ಮತಿ ಯಾರದು? ವರನದಾ, ವಧುವಿನದಾ, ಅಕ್ಷತಾ ಒಗಿಯುವ ಮಂದೀದಾ? ನಾನು ಶಿವ ದೊಡ್ಡವ, ಅವನ ಅಪ್ಪಣೆ ದೊಡ್ಡದು ಅಂತ ಏನೋ ಒಂದು ಜೋಡಿಸಿ ಹಾಡಿದೆ. ಮಂದಿ ಸಿಳ್ಳಿ ಹೊಡದರು, ಗೆದ್ದಂಗೂ ಆತು. ಆದರ ಆ ಪ್ರಶ್ನೆ ಅವತ್ತಿನಿಂದ ನನ್ನ ಕಿವ್ಯಾಗಿಂದ ಹೋಗಿಲ್ಲ.

ಯಾಕಂದ್ರ ನನಗ ನಮ್ಮ ಅಕ್ಕನ ಲಗ್ನ ನೆನಪಾತು. 1972ರ ಬರ. ನನಗ ಹದಿಮೂರು, ಅಕ್ಕಗ ಹದಿನಾರು. ಎತ್ತು ಮಾರಿ ಆಗಿತ್ತು. ಅಪ್ಪ-ಅವ್ವ ಬರಗಾಲದ ಕೆಲಸಕ್ಕ ಹೋಗಿ ಖಡಿ ಒಡಿಯುತ್ತಿದ್ದರು. ಪರದೇಶದಿಂದ ಬಂದ ಕೆಂಪು ಮಿಲೋ ಜ್ವಾಳದ ರೊಟ್ಟಿ ತಿಂದು ತಿಂದು ನಾಲಿಗಿ ಸತ್ತಿತ್ತು. ಅಂಥಾದರಾಗ ಎರಡನೇ ಸಂಬಂಧದವರು ಬಂದರು. ಬಾವಿಗೆ ಇನ್ನೂ ನೀರಿದ್ದ ಮನಿ. ವರದಕ್ಷಿಣೆ ಕೇಳಲಿಲ್ಲ, ಉಲ್ಟಾ ಅವರೇ ಎರಡು ಚೀಲ ಜ್ವಾಳ ಕೊಟ್ಟರು. ಅಕ್ಕನ್ನ ಯಾರೂ ಕೇಳಲಿಲ್ಲ. ಕೇಳಬೇಕು ಅನ್ನುವುದೇ ಯಾರ ತಲಿಗೂ ಬಂದಿರಲಿಲ್ಲ. ನಾನು ಮುಷ್ಟಿ ತುಂಬ ಅಕ್ಷತಾ ಒಗದೆ, ಎಲ್ಲರಕ್ಕಿಂತ ಮೊದಲು. ಅವತ್ತು ಗೋಧಿ ಹುಗ್ಗಿ ಇತ್ತು.

ಅಕ್ಕ ಕೆಟ್ಟು ಬಾಳಲಿಲ್ಲ, ಇದನ್ನೂ ಹೇಳಬೇಕು. ಮಾವ ಕೈ ಎತ್ತಿದವರಲ್ಲ. ಬ್ಯಾಗನೇ ತೀರಿಕೊಂಡರು, ಅಕಿನೇ ಹೊಲಾ ಮಾಡಿಸಿ ಮಕ್ಕಳನ್ನ ದಡಾ ಹತ್ತಿಸಿದಳು. ನಾಗೇಶಿ ಅಕ್ಕನ ಪ್ರಶ್ನೆ ತಲ್ಯಾಗ ಇದ್ದಾಗ ಒಂದು ದಿನ ಹೊಲದಾಗ ಸೀತನಿ ತಿನ್ನುತ್ತ ಕುಂತು ಕೇಳಿದೆ: "ಅಕ್ಕಾ, ಅವತ್ತ ನಿನ್ನ ಕೇಳಿದ್ದರ ಏನ ಅಂತಿದ್ದಿ?"

"ಹೂಂ ಅಂತಿದ್ದೆ" ಅಂದಳು. "ಮನ್ಯಾಗ ಐದು ಬಾಯಿ ಇದ್ದು. ಆದರ ಕೇಳಿದ್ದರ ನನ್ನ ನಾನೇ ಕೊಟ್ಟಂಗ ಆಗತಿತ್ತು. ಕೇಳಲಿಲ್ಲ, ನನ್ನ ಒಯ್ದಂಗ ಆತು."

ಈ ಮಾತು ನಮ್ಮೂರ ಒಬ್ಬ ಮಾಸ್ತರಿಗೆ ಹೇಳಿದೆ. ಅವರು ಓದಿದವರು, ಹಸಿದವರ ಹೂಂ ಅನ್ನುವುದು ಹೂಂ ಅಲ್ಲ ಅಂದರು. ಹಸಿವು ಮಾತಾಡಿಸಿದ್ದು, ಅಕಿ ಮಾತಾಡಿದ್ದಲ್ಲ ಅಂದರು. ಅವರ ಮಾತಿನಾಗೂ ತೂಕ ಅದ. ಹೊಟ್ಟಿ ತುಂಬಿದ ವರ್ಷ ಆಗಿದ್ದರ ಆ ಸಂಬಂಧನೇ ಬರುತ್ತಿರಲಿಲ್ಲ. ಅಕ್ಕಗ ಹೋಗಿ ತಿಳಿಸಿದೆ. "ಹಸಿದವರಿಗೂ ಬಾಯಿ ಇರತದಲ್ಲೋ" ಅಂದು ಸುಮ್ಮನಾದಳು. ನಾನು ಅಕ್ಕನ ಕಡೇನೇ. ಉತ್ತರ ಗೊತ್ತಿದ್ದರೂ ಕೇಳಬೇಕು. ಹೊಲದ ಬದುವು ಎಲ್ಲಿ ಅದ ಅಂತ ಗೊತ್ತಿದ್ದರೂ ಅಣ್ಣ-ತಮ್ಮರು ಪಾಲು ಆಗುವಾಗ ಇಬ್ಬರೂ ನಿಂತು ಕಲ್ಲು ಹಾಕತೀವಿಲ್ಲ? ಹಂಗ.

ಇನ್ನ ಕುಂಬಾರ ಹುಡುಗಿ. ಅಕಿನ್ನ ಯಾರೂ ಕೇಳಬೇಕಾಗಿರಲಿಲ್ಲ, ಅಕಿನೇ ಕೇಳಿದಳು. ನಮ್ಮ ಸೀಮ್ಯಾಗ ಲಕ್ಷ ಮಂದಿ ಕೂಡಿ ಅಕ್ಷತಾ ಒಗಿಯುವ ಲಗ್ನ ಇದೊಂದೇ, ಅದು ಹೆಣ್ಣು ತಾನಾಗಿ ಬಾಯಿ ಬಿಟ್ಟು ಕೇಳಿದ ಲಗ್ನ. ಜಾತ್ರಿ ಮುಗಿಸಿ ಎಸ್‌ಟಿ ಹತ್ತಿ ಮನಿಗೆ ಬಂದ ಮ್ಯಾಲ ನಮ್ಮ ಹುಡುಗಿ ಹಂಗ ಕೇಳಿದರ ಬಾಯಿಬಡಕಿ ಅಂತೀವಿ.

ಸಿದ್ಧರಾಮರು ತಪ್ಪು ಮಾಡಿದರು ಅಂತ ನಾನು ಅನ್ನುವುದಿಲ್ಲ. ಹೆಣ್ಣನ್ನ ಸಾಕ್ಷಾತ್ ಕಪಿಲಸಿದ್ಧ ಮಲ್ಲಿಕಾರ್ಜುನ ಅಂತ ವಚನದಾಗ ಕಂಡವರು ಅವರು. ಮನಸಿನಾಗ ಒಲ್ಲೆ ಇಟ್ಟುಕೊಂಡು ಹೊರಗ ಹೂಂ ಅನ್ನಲಿಲ್ಲ, ಕೈಯಾಗ ಇದ್ದದ್ದು ಕೊಟ್ಟರು. ಕೋಲಿನ ಜೋಡಿ ಬಾಳುವೆ ಮಾಡುವುದು ಹೆಂಗ ಅಂತ ನಾಗೇಶಿಯವರು ಕೇಳತಾರ, ಕೇಳಲಿ. ನನ್ನ ತಕರಾರು ಬ್ಯಾರೆ. ಮರುದಿನ ಹೋಮದಾಗ ಸಜ್ಜಿ ಸಿವುಡಿಗೆ ಸೀರಿ ಉಡಿಸಿ, ಬಳಿ ತೊಡಿಸಿ, ತಾಳಿ ಕಟ್ಟಿ, ಮದುಮಗಳ ಮಾಡಿ ಬೆಂಕಿಗೆ ಕೊಡತಾರ. ಶಿವನಾಗ ಕೂಡಿದಳು ಅಂತಾರ ಹಿರಿಯರು, ನಾನು ಕೈ ಮುಗಿಯತೀನಿ. ಆದರ ಕಥಿ ಕಟ್ಟುವವರು ನಾವು ಹಾಡುವ ಮಂದಿ. ತಾನಾಗಿ ಕೇಳಿದ ಹುಡುಗಿ ಕಥಿ ನಮ್ಮ ಬಾಯಾಗ ಒಂದು ರಾತ್ರಿ ದಾಟಿ ಮುಂದಕ್ಕ ಯಾಕ ಹೋಗವಲ್ಲದು?

ಅದೇ ಸಂಕ್ರಾಂತಿ ರಾತ್ರಿ ಉಪವಾಸ ಇಟ್ಟ ಕರುವಿನ ಮುಂದ ಎಲ್ಲಾ ಕಾಳು ಇಟ್ಟು, ಅದು ಯಾವುದು ಮೂಸತದ, ಯಾವುದು ಬಿಡತದ ಅಂತ ಉಸಿರು ಹಿಡದು ನೋಡತೀವಿ. ಮಳಿ-ಬೆಳಿ, ಪ್ಯಾಟಿ ಧಾರಣಿ ಎಲ್ಲಾ ಅದರ ಮ್ಯಾಲ. ಕರುವಿಗೆ ಕೊಟ್ಟಷ್ಟು ಹೊತ್ತು ಮನಿ ಹುಡುಗಿಗೆ ಕೊಟ್ಟವರು ಎಷ್ಟು ಮಂದಿ ಇದ್ದೀವೋ.

ನಾನೇನು ಸುಧಾರಿಸಿದವ ಅಂತ ತಿಳಿಯಬ್ಯಾಡ್ರಿ. ಹೋದ ವರ್ಷ ಮೊಮ್ಮಗಳಿಗೆ ಒಂದು ಸಂಬಂಧ ಬಂತು. ಅಕ್ಕನ ಮಾತು ನೆನಪಿಟ್ಟು ಕೇಳಿದೆ. "ಒಲ್ಲೆರಿ ಅಜ್ಜ, ನನ್ನ ಕಲಿಯೂದು ಮುಗೀಲಿ" ಅಂದಳು. ಬಂದ ಮಂದಿ ಚಹಾ ಅರ್ಧ ಬಿಟ್ಟು ಎದ್ದರು. ನಾನು ಎರಡು ದಿನ ಅಕಿ ಜೋಡಿ ಮಾತಾಡಲಿಲ್ಲ. ಕೇಳುವಾಗ ನನ್ನ ಮನಸಿನಾಗ ಹೂಂ ಒಂದೇ ಇತ್ತು, ಒಲ್ಲೆ ಬರತದ ಅಂತ ಅದಕ್ಕ ಜಾಗಾನೇ ಇಟ್ಟಿರಲಿಲ್ಲ. ಮೂರನೇ ದಿನ ಮೇವು ಕಟ್ಟುವಾಗ ಹೊಳೀತು: ಸಿದ್ಧರಾಮರೂ ಒಲ್ಲೆ ಅಂದವರೇ. ಅವರ ಒಲ್ಲೆಗೆ ಊರೇ ಕೋಲು ಹೊತ್ತು ಮೆರಸತದ. ಇಕಿ ಒಲ್ಲೆಗೆ ನಾನು ಮುಖಾ ತಿರುಗಿಸಿದೆ.

ಈಗ ಮೊಮ್ಮಗಳು ಬರಕೊಳ್ಳತಾಳ, ನಾನು ಹೇಳತೀನಿ, ಆ ಹಳೇ ಪ್ರಶ್ನೆಗೆ ಒಂದು ಪದ ಕಟ್ಟಾಕ ಹತ್ತೀವಿ. ಎಣ್ಣಿಮಜ್ಜನ ಆತು, ಅಕ್ಷತಾ ಆತು. ಹೋಮದ ನುಡಿಗೆ ಬಂದು ನಿಂತದ. ನಾನು ಹೇಳಿದ್ದು ಮೂರು ಸಲ ಅಕಿ ಗೀಟು ಹಾಕ್ಯಾಳ. ಈ ಸಲ ಜಾತ್ರ್ಯಾಗ ಆ ನಾಗೇಶಿ ಅಕ್ಕ ಎದುರಿಗೆ ಕುಂತರ, ಹಾಡಿ ಸೋಲಿಸುವುದು ಆಮ್ಯಾಲ, ಮೊದಲು ಆ ನುಡಿ ಹೆಂಗ ಕಟ್ಟಬೇಕು ಅಂತ ಅಕಿನ್ನೇ ಕೇಳಬೇಕು ಅಂತ ಮಾಡೀನಿ.