ಹಿತ್ತಲಿನ ಅತಿಥಿಗಳು

ಬೆಂಗಳೂರಿನಂಥ ಪಟ್ಟಣದಲ್ಲಿ ಮನೆಯೊಡೆಯನು ಹಿತ್ತಲ ಗೋಡೆಯ ಮೇಲೆ ಹಿಡಿ ಕಾಳನ್ನೂ ಬಟ್ಟಲು ನೀರನ್ನೂ ಇಟ್ಟು ಹಕ್ಕಿಗಳ ದಾರಿಯನ್ನು ಕಾಯುತ್ತಾನೆ. ಹಕ್ಕಿ ಬಂದರೆ ಅವನ ಮನಸ್ಸು ಅರಳುತ್ತದೆ. ಬಾರದಿದ್ದರೆ ಏನನ್ನೋ ಕಳೆದುಕೊಂಡವನಂತೆ ಒಳಕ್ಕೆ ಹೋಗುತ್ತಾನೆ. ಇದು ಸಜ್ಜನಿಕೆಯ ಲಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಳು ಹಕ್ಕಿಯ ಹಸಿವಿಗಾಗಿಯೋ, ಅವನ ಕಣ್ಣಿನ ಹಸಿವಿಗಾಗಿಯೋ ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಹಿಂದಿನವರು ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಮನೆಯಲ್ಲಿ ಬೆಂದ ಅನ್ನದಲ್ಲಿ ಇತರ ಜೀವಿಗಳಿಗೂ ಪಾಲುಂಟೆಂಬುದು ಅದರ ತಾತ್ಪರ್ಯ. ಪಾಲೆಂಬುದು ಭಿಕ್ಷೆಯಲ್ಲ. ಭಿಕ್ಷೆಯಲ್ಲಿ ಕೊಡುವವನ ಇಚ್ಛೆ ಮುಖ್ಯ. ಪಾಲಿನಲ್ಲಿ ಪಡೆಯುವವನ ಹಕ್ಕು ಮುಖ್ಯ. ಆದುದರಿಂದ ಪಡೆಯುವವನಿಗೆ ಬೇಕಾದದ್ದೇನೆಂದು ಅರಿಯುವುದು ಮೊದಲನೆಯ ಕರ್ತವ್ಯ.

ಕಾಳಿಗೆ ಮೊದಲು ಬಂದು ನೆರೆಯುವುದು ಪಾರಿವಾಳ. ಬಂಡೆಯ ಸಂದುಗಳಲ್ಲಿ ಗೂಡುಕಟ್ಟುವ ಕುಲದಲ್ಲಿ ಹುಟ್ಟಿದ ಅದಕ್ಕೆ ಪಟ್ಟಣದ ಎತ್ತರದ ಕಟ್ಟಡಗಳೇ ಬಂಡೆಗಳು. ದಿನವೂ ಶ್ರಮವಿಲ್ಲದೆ ಕಾಳು ದೊರೆತಲ್ಲಿ ಹಿಂಡು ಬೆಳೆಯುತ್ತದೆ. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ರೋಗವನ್ನೂ ತರುತ್ತದೆ. ಟುವ್ವಿಹಕ್ಕಿಗೆ ಕಾಳು ಬೇಡ. ಹೊಲಿದು ಗೂಡುಮಾಡಲು ಅಗಲವಾದ ಎಲೆಯೂ ತಿನ್ನಲು ಹುಳುವೂ ಬೇಕು. ಸೂರಕ್ಕಿಗೆ ದಾಸವಾಳದ ಮಧುವೂ ಗೂಡಿನ ಬಿಗಿತಕ್ಕೆ ಜೇಡನ ನೂಲೂ ಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ಎಳೆಯ ಮರಿಗಳ ಬಾಯಿಗೆ ಇಡುವುದು ಬಹುಮಟ್ಟಿಗೆ ಹುಳುಗಳನ್ನೇ.

ಪರೀಕ್ಷೆ ಒದಗುವುದು ಇಲ್ಲಿಯೇ. ನಿಂಬೆಯ ಗಿಡದ ಚಿಗುರಿನಲ್ಲಿ ಚಿಟ್ಟೆಯೊಂದು ಮೊಟ್ಟೆಯಿಡುತ್ತದೆ. ಹೊರಬಂದ ಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬೆಳೆದಮೇಲೆ ಎಲೆಯಂತೆ ಹಸುರಾಗುತ್ತದೆ. ಎಳೆಯ ಗಿಡ ಕೆಲವೇ ದಿನಗಳಲ್ಲಿ ಬೋಳಾಗುವುದನ್ನು ಕಂಡು ಮನೆಯೊಡೆಯನು ವಿಷವನ್ನು ಸಿಂಪಡಿಸುತ್ತಾನೆ. ಗುಬ್ಬಚ್ಚಿಗಳು ಕಾಣದಾದುವಲ್ಲ ಎಂದು ಮರುಗುವವನೂ ಅವನೇ. ಮರಿಯ ತುತ್ತನ್ನು ಕಸಿದುಕೊಂಡ ಕೈ ತನ್ನದೇ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಹಾಗಾದರೆ ಸೊಳ್ಳೆಗೂ ಹಾವಿಗೂ ಪಾಲುಂಟೇ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಣೆ ಹಗುರವಾದುದಲ್ಲ. ಮಕ್ಕಳಿರುವ ಮನೆಯಲ್ಲಿ ಬಟ್ಟಲಿನ ನೀರನ್ನು ದಿನವೂ ಚೆಲ್ಲಿ ತುಂಬಲೇಬೇಕು. ಹಾವು ಬಂದರೆ ಬಲ್ಲವರನ್ನು ಕರೆಯಿಸಿ ಸಾಗಿಸಲೇಬೇಕು. ಪ್ರಾಣಕ್ಕೆ ಬರುವ ಅಪಾಯವನ್ನು ತಡೆಯುವುದು ಧರ್ಮವೇ. ಆದರೆ ಹರಿದ ಎಲೆ, ಗುಡಿಸದ ತರಗು, ಹಕ್ಕಿ ಕುಕ್ಕಿದ ಸೀಬೆಹಣ್ಣು—ಇವು ಪ್ರಾಣಕ್ಕೆ ಅಪಾಯವಲ್ಲ. ಅಂದಕ್ಕೆ ಬಂದ ಕುಂದು ಮಾತ್ರ. ಈ ಎರಡರ ಭೇದವನ್ನು ಮರೆತಾಗಲೇ ಅನ್ಯಾಯ ಮೊದಲಾಗುತ್ತದೆ.

1760ರಲ್ಲಿ ಹೈದರಾಲಿಯು ತೊಡಗಿಸಿದ ಲಾಲ್‌ಬಾಗಿನಷ್ಟು ನೆಲ ಗೃಹಸ್ಥನಿಗೆ ಎಲ್ಲಿಯದು? ಹತ್ತು ಅಡಿಯ ಹಿತ್ತಲಿನಲ್ಲಿ ಒಂದು ಮೂಲೆಯನ್ನು ಅವನು ಬಿಟ್ಟುಕೊಡಬಲ್ಲನು. ಅಲ್ಲಿ ತರಗು ಕೊಳೆಯಲಿ, ಹುಳು ಮೇಯಲಿ, ಹುಳುವನ್ನು ಹಕ್ಕಿ ಹಿಡಿಯಲಿ. ಒಂದು ದಿನ ಆ ಹಕ್ಕಿಯನ್ನೇ ಗಿಡುಗ ಒಯ್ದರೆ ಅದನ್ನೂ ಅವನು ಸೈರಿಸಬೇಕಾಗುವುದು. ಕಾಳು ಕೊಟ್ಟವನಿಗೆ ನೋಡುವ ಸುಖವಾದರೂ ಕೂಡಲೇ ದೊರೆಯುತ್ತದೆ. ನೆಲವನ್ನು ಬಿಟ್ಟವನಿಗೆ ಅದು ದೊರೆಯಲೂಬಹುದು, ದೊರೆಯದೆಯೂ ಹೋಗಬಹುದು. ಹಕ್ಕಿ ಬಾರದ ದಿನವೂ ಆ ಮೂಲೆಯನ್ನು ಗುಡಿಸದೆ ಬಿಡುವವನೇ ನಿಜವಾದ ಆತಿಥೇಯನು.