ತೆಪ್ಪದಲ್ಲಿ ಕೂರುವ ಬಗೆ

ನಮ್ಮ ಕಡೆಯವರು ದೋಣಿ ನೋಡಿದ್ದು ಹೆಚ್ಚಾಗಿ ಸಿನಿಮಾದಲ್ಲಿ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂದರೆ ಬಂಡೆ, ಬಸ್ಸು, ಧೂಳು. ಜಯಮಂಗಲಿ ಎಂಬ ನದಿಯೇನೋ ಇದೆ. ವರ್ಷದ ಬಹುಪಾಲು ಅದರ ಮರಳಿನ ಮೇಲೆ ನಡೆದೇ ದಾಟಬಹುದು. ಹಾಗಾಗಿ ನಾನು ಮೊದಲ ಸಲ ತೆಪ್ಪ ಹತ್ತಿದ್ದು ನಲವತ್ತು ದಾಟಿದ ಮೇಲೆ, 2022ರಲ್ಲಿ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ ವರ್ಷ ಅದು. ಮಧುಗಿರಿ ತಾಲ್ಲೂಕಿನ ನಮ್ಮೂರ ಕೆರೆಯೂ ತುಂಬಿತ್ತು.

ಮೀನು ಹಿಡಿಯುವ ಹಿರಿಯರೊಬ್ಬರು ಕರೆದರು. ನೀರು ಮುಟ್ಟುವ ಆಸೆಗೆ ಅಂಚಿನಲ್ಲಿ ಕೂತೆ. “ಅಲ್ಲಲ್ಲ ಕಣಪ್ಪಾ, ಇತ್ತಾಗ್ ಸರ್ಕೊ. ನೀನು ಅಂಚಿಗೆ ಕುಂತ್ರೆ ನಾನೂ ನೀರಿಗೆ ಬೀಳ್ತೀನಿ” ಎಂದರು. ಸರಿದೆ. ತೆಪ್ಪ ಸಮವಾಯಿತು.

ಆ ಮಾತು ನನಗೆ ಹಳೆಯದೊಂದು ಬಸ್ ಪ್ರಯಾಣವನ್ನು ನೆನಪಿಸಿತು. 1996ರಲ್ಲಿ ಅಪ್ಪ ನಮ್ಮ ಹೊಲದಲ್ಲಿ ಕೊಳವೆಬಾವಿ ಕೊರೆಸಿದರು. ಮುನ್ನೂರೈವತ್ತು ಅಡಿಗೆ ನೀರು ಚಿಮ್ಮಿದಾಗ ಊರೇ ನೋಡಲು ಬಂದಿತ್ತು. ಮರುಬೇಸಿಗೆಯಲ್ಲಿ ಪಕ್ಕದ ಹೊಲದ ದೊಡ್ಡಪ್ಪನ ತೆರೆದ ಬಾವಿ ಬತ್ತಿತು. ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ, ಊರ ವರಸೆ. ಜಗಳವಾಗಲಿಲ್ಲ. ಎರಡು ವರ್ಷದ ನಂತರ ನಾನು ತುಮಕೂರಿಗೆ ಡಿಗ್ರಿ ಸೇರಲು ಹೊರಟಾಗ ಅದೇ ಬಸ್ಸಿನಲ್ಲಿ ಅವರಿದ್ದರು, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೊರಟಿದ್ದರು. ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, ಟವೆಲ್ಲಿನ ಗಂಟಿನಿಂದ ಹುರಿದ ಕಡಲೆಕಾಯಿ ಕೊಟ್ಟು, “ಚೆನ್ನಾಗಿ ಓದು ಮಗಾ” ಎಂದರು. ನನ್ನ ಜೇಬಿನಲ್ಲಿದ್ದ ಫೀಸಿನ ಹಣ ಕೊಳವೆಬಾವಿ ನೀರಿನ ಟೊಮ್ಯಾಟೊ ಬೆಳೆಯದು.

ನಾವು ತಪ್ಪು ಮಾಡಿದೆವೇ? ಕಾನೂನನ್ನು ಕೇಳಿದರೆ ಇಲ್ಲ. ನೆಲದಡಿಯಲ್ಲಿ, ಗೊತ್ತಾದ ಹರಿವಿನ ದಾರಿಯಿಲ್ಲದ ನೀರನ್ನು ತೆಗೆದುಕೊಳ್ಳುವ ಹಕ್ಕು ಜಮೀನಿನ ಒಡೆಯನದು ಎಂದು 1882ರ ಈಸ್‌ಮೆಂಟ್ ಕಾಯ್ದೆಯೇ ಹೇಳಿತ್ತು. ರಾಜ್ಯದ ಅಂತರ್ಜಲ ಕಾಯ್ದೆ ಬಂದದ್ದು 2011ರಲ್ಲಿ. ಯಹೂದಿಗಳ ಹಳೆಯ ದೃಷ್ಟಾಂತವೊಂದರಲ್ಲಿ ದೋಣಿಯಲ್ಲಿದ್ದವನೊಬ್ಬ ತಾನು ಕೂತ ಜಾಗದಡಿ ತೂತು ಕೊರೆಯತೊಡಗುತ್ತಾನೆ. ಉಳಿದವರು ಗಾಬರಿಯಾದರೆ, ಕೊರೆಯುತ್ತಿರುವುದು ನನ್ನ ಜಾಗದಲ್ಲಿ ತಾನೇ ಎನ್ನುತ್ತಾನೆ. ನಾವು ಆ ಮಾತನ್ನು ಪಹಣಿ ಹಿಡಿದು ಹೇಳುತ್ತೇವೆ, ಅಷ್ಟೇ ವ್ಯತ್ಯಾಸ. ನಮ್ಮ ನೆಲದಡಿಯ ನೀರು ಬಂಡೆಯ ಬಿರುಕುಗಳಲ್ಲಿದೆ. ಬಿರುಕಿಗೆ ಬದು ಗೊತ್ತಿಲ್ಲ, ಮೂರು ದಿಕ್ಕಿಗೆ ಆಂಧ್ರವಿರುವ ಪಾವಗಡದಲ್ಲಿ ರಾಜ್ಯದ ಗಡಿಯೂ ಗೊತ್ತಿಲ್ಲ.

ಆದರೆ ದೃಷ್ಟಾಂತದಷ್ಟು ಸಲೀಸಲ್ಲ ಬದುಕು. ಅಲ್ಲಿ ತೂತು ಕೊರೆದವನು ಕಣ್ಣೆದುರಿಗಿದ್ದಾನೆ. ಇಲ್ಲಿ ದೊಡ್ಡಪ್ಪನ ಬಾವಿ ಬತ್ತಿದ್ದು ನಮ್ಮಿಂದಲೇ ಎನ್ನಲು ಸಾಕ್ಷಿಯಿಲ್ಲ. ಮಳೆ ಕೈಕೊಟ್ಟಿರಬಹುದು, ಊರಿನ ಹತ್ತಾರು ಕೊಳವೆಬಾವಿಗಳು ಸೇರಿ ಬತ್ತಿಸಿರಬಹುದು. ಇಷ್ಟು ವರ್ಷ ಆ ಅನುಮಾನದ ನೆರಳಲ್ಲೇ ನಾನು ತಣ್ಣಗಿದ್ದೆ. ಸಾಬೀತಾಗದ್ದಕ್ಕೆ ನಾನೇಕೆ ಹೊಣೆ?

ತೆಪ್ಪದಲ್ಲಿ ಆ ಪ್ರಶ್ನೆ ನಿಲ್ಲಲಿಲ್ಲ. ಯಾರ ಭಾರಕ್ಕೆ ವಾಲಿತು ಎಂದು ಅಲ್ಲಿ ಯಾರೂ ವಿಚಾರಣೆ ನಡೆಸುವುದಿಲ್ಲ. ವಾಲಿದೆ, ಸರಿಯಬೇಕು. ತಪ್ಪಿಗೆ ಸಾಕ್ಷಿ ಬೇಕು. ಹೊಣೆಗೆ, ಜೊತೆಯಲ್ಲಿದ್ದೇವೆ ಎಂಬುದಷ್ಟೇ ಸಾಕು. ಬಸ್ಸಿನಲ್ಲಿ ಇದು ಮರೆತುಹೋಗುತ್ತದೆ. ಅವರವರ ಟಿಕೆಟ್, ಅವರವರ ಸೀಟು.

ಹೋದ ವರ್ಷ ಬೈಕಿನಲ್ಲಿ ಪಾವಗಡಕ್ಕೆ ಹೋಗಿದ್ದೆ. ಮಿಡಿಗೇಶಿ ದಾಟಿದ ಮೇಲೆ ಊರೂರಿನಲ್ಲೂ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದವರು. ಆಳದ ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಇದ್ದು ಫ್ಲೋರೈಡ್ ಹೊತ್ತು ಬರುತ್ತದೆ. ಅದನ್ನೇ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳು. ರೈತರು ಭೂಮಿ ಗುತ್ತಿಗೆಗೆ ಕೊಟ್ಟಿದ್ದಾರೆ. ತಿರುಚೆಂಗೋಡಿನ ಬೋರ್‌ವೆಲ್ ಲಾರಿಯೊಂದು ಎದುರಿಗೆ ಬಂತು.

ಊರಿಗೆ ಬಂದರೆ ತಮ್ಮನೂ ಅಂಥದೇ ಲಾರಿಯ ಮಾತಾಡುತ್ತಿದ್ದ. ನಮ್ಮ ಕೊಳವೆಬಾವಿ ಸೋತಿದೆ, ಸಾವಿರ ಅಡಿಗೆ ಹೋಗೋಣ ಎಂದ. ಬೇಡ, ರಾಗಿ, ಕಡಲೆಕಾಯಿ ಸಾಕು ಎಂದೆ. “ಸಂಬಳ ತಗೊಳ್ಳೋನು ಹೇಳೋದು ಸುಲಭ. ನಾವೊಬ್ರು ಬಿಟ್ರೆ ನೀರು ಮೇಲೆ ಬರುತ್ತಾ?” ಅವನ ಎರಡು ಮಾತೂ ನಿಜ. ನಾನೊಬ್ಬ ಸರಿದರೆ ಈ ತೆಪ್ಪ ಸಮವಾಗುವುದಿಲ್ಲ. ಆದರೂ ನಾನು ಅಂಚಿನಲ್ಲೇ ಕೂತು ಇನ್ನೊಬ್ಬರಿಗೆ ಸರಿಯಿರಿ ಎನ್ನಲಾರೆ. ತಮ್ಮನ ನಷ್ಟದ ಪಾಲು ನನ್ನ ಸಂಬಳದಿಂದ ಹೋಗಬೇಕು ಎಂಬ ಕರಾರಿನ ಮೇಲೆ ಸದ್ಯಕ್ಕೆ ಲಾರಿ ಬಂದಿಲ್ಲ.

ದೀಪಾವಳಿಗೆ ದೊಡ್ಡಪ್ಪ ಊರಿಗೆ ಬಂದಿದ್ದರು. ಬಾವಿಯ ಮಾತು ನಾನೇ ಎತ್ತಿದೆ. “ಆ ವರ್ಷ ಮಳೆನೇ ಇರ್ಲಿಲ್ಲ ಬಿಡು ಮಗಾ” ಎಂದರು. ಮತ್ತೊಮ್ಮೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಂತಾಯಿತು. ಈ ಸಲ ಕೂರಲು ಮನಸ್ಸಾಗಲಿಲ್ಲ.