ಹೆಸರಿನ ಒಡೆಯರು ಯಾರು?

ಕೊಳ್ಳೇಗಾಲದಿಂದ ಹೊರಟು ಲೊಕ್ಕನಹಳ್ಳಿ ದಾಟಿ ಮುಂದೆ ಹೋದರೆ ಒಡೆಯರಪಾಳ್ಯ. ಸುತ್ತ ಕಾಡು, ನಡುವೆ ಮುಸುಕಿನ ಜೋಳದ ಹೊಲಗಳು, ಪಕ್ಕದಲ್ಲೇ 1974ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿ. ಕಳೆದ ಸಲ ಆ ದಾರಿಯಲ್ಲಿ ಹೋದಾಗ ಒಂದು ಚಹಾ ಅಂಗಡಿಯ ಮುಂದೆ ಎರಡು ಬೈಕುಗಳು ಅಕ್ಕಪಕ್ಕ ನಿಂತಿದ್ದನ್ನು ಕಂಡೆವು. ಒಂದು ಹಳೆಯ ಯೆಜ್ಡಿ, ಅದೇ ಊರಿನ ವಯಸ್ಸಾದ ರೈತರೊಬ್ಬರದು. ಇನ್ನೊಂದು ಹೊಸ ಯೆಜ್ಡಿ, ಬೆಂಗಳೂರಿನಿಂದ ಸುತ್ತಾಡಲು ಬಂದ ಯುವಕನದು. ಯುವಕ ಹಳೆಯ ಗಾಡಿಯ ಫೋಟೋ ತೆಗೆಯುತ್ತಿದ್ದ. ರೈತರು ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದೂ ಯೆಜ್ಡಿಯೇನಪ್ಪಾ?" ಎಂದು ಕೇಳಿದರು.

"ಹೌದು ಅಂಕಲ್, ಈಗಿನ ಯೆಜ್ಡಿ ಇದೇ."

"ಮೈಸೂರಲ್ಲಿ ಮಾಡದಾ?"

ಯುವಕ ನಕ್ಕು, ಮೈಸೂರಿನಲ್ಲಿ ಈಗ ಯಾವ ಕಾರ್ಖಾನೆಯೂ ಇಲ್ಲವೆಂದ. ರೈತರು ಮತ್ತೇನೂ ಕೇಳಲಿಲ್ಲ. ಅವರ ಗಾಡಿ ಅವರ ತಂದೆ ಕೊಂಡದ್ದು. ಪಿಸ್ಟನ್ ಮೂರು ಸಲ ಬದಲಾಗಿದೆ, ಸೀಟು ಬೇರೆ, ಸೈಲೆನ್ಸರ್ ಬೇರೆ. ಟ್ಯಾಂಕಿನ ಮೇಲಿದ್ದ ಕಂಪನಿಯ ಹೆಸರು ಎಂದೋ ಬಿದ್ದುಹೋಗಿ, ಹನೂರಿನ ಪೇಂಟರ್ ಒಬ್ಬ ಅಲ್ಲಿ ಕನ್ನಡದಲ್ಲಿ 'ಯೆಜ್ಡಿ' ಎಂದು ಬರೆದುಕೊಟ್ಟಿದ್ದಾನೆ. ಹಾಗಾಗಿ ಅಂಗಡಿಯ ಮುಂದೆ ಇದ್ದದ್ದು ವಿಚಿತ್ರ ಜೋಡಿ. ಒಂದರಲ್ಲಿ ಮೈಸೂರಿನ ಕಬ್ಬಿಣವಿದೆ, ಕಂಪನಿ ಹಾಕಿದ ಹೆಸರಿಲ್ಲ. ಇನ್ನೊಂದರಲ್ಲಿ ಕಾನೂನುಬದ್ಧ ಹೆಸರಿದೆ, ಮೈಸೂರಿನ ಒಂದು ಬೋಲ್ಟೂ ಇಲ್ಲ. ಊರಿನ ಹೆಸರಿನಲ್ಲಿರುವ ಒಡೆಯರು ಯಾರೆಂಬ ಚರ್ಚೆ ಹಾಗಿರಲಿ, ಈ ಬೈಕಿನ ಹೆಸರಿಗೆ ಒಡೆಯರು ಯಾರು ಎಂಬ ಪ್ರಶ್ನೆ ಅಂದು ನಮ್ಮನ್ನು ಹಿಡಿದುಕೊಂಡಿತು.

ಕಥೆ ಬಹಳ ಮಂದಿಗೆ ಗೊತ್ತಿರುವುದೇ. ಜಾವಾ ಎಂಬುದು ಜೆಕೊಸ್ಲೊವಾಕಿಯಾದ ಹೆಸರು. ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡುವ ಹಕ್ಕನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿಕೊಂಡದ್ದು. ಆ ಗಾಡಿಗಳನ್ನು ಮುಂಬೈಯಲ್ಲಿ ಆಮದು ಮಾಡಿ ಮಾರುತ್ತಿದ್ದ ಪಾರ್ಸಿ ಇರಾನಿ ಕುಟುಂಬದವರು, ಹೊರದೇಶದ ವಾಹನಗಳ ಆಮದಿಗೆ ಸರಕಾರ ತಡೆ ಹಾಕಿದಾಗ ಇಲ್ಲೇ ತಯಾರಿಸಲು ಮುಂದಾದರು. ಹೀಗೆ 1960ರಲ್ಲಿ ಐಡಿಯಲ್ ಜಾವಾ ಹುಟ್ಟಿತು. ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಅದಕ್ಕಿತ್ತು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಊರಿನ ನೆನಪು ಅದರಲ್ಲಿದೆ ಎನ್ನುತ್ತಾರೆ. ಜೆಕ್ ವಿನ್ಯಾಸ, ಪಾರ್ಸಿ ಬಂಡವಾಳ, ಮೈಸೂರು ಅರಸರ ಆಸರೆ, ಇರಾನಿನ ಊರಿನ ಹೆಸರು, ಇಲ್ಲಿನ ಕಾರ್ಮಿಕರ ಕೈ. ಅಪ್ಪಟ ಸ್ವದೇಶಿ ಎಂದು ಇಂದು ಎದೆ ತಟ್ಟಿಕೊಳ್ಳುವವರು ಒಮ್ಮೆ ಈ ಪಟ್ಟಿಯನ್ನು ಓದಿಕೊಳ್ಳುವುದು ಒಳ್ಳೆಯದು.

ಆ ಗಾಡಿಯ ಸ್ವಭಾವವೇ ಬೇರೆ. ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕಾದ ಟೂ ಸ್ಟ್ರೋಕ್ ಎಂಜಿನ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಪೆಡಲ್, ಅದೂ ಎಡಗಡೆ. ಎಡಗಾಲಿನಲ್ಲಿ ಕಿಕ್ ಹೊಡೆದು ಪೆಡಲನ್ನು ಮುಂದಕ್ಕೆ ಮಡಚಿದರೆ ಅದೇ ಗೇರು. ರೂಢಿ ಇಲ್ಲದವರಿಗೆ ಅದು ಒಲಿಯುತ್ತಿರಲಿಲ್ಲ. 1978ರಲ್ಲಿ ಬಂದ ರೋಡ್‌ಕಿಂಗ್ ಹುಡುಗರ ಕನಸಾಗಿತ್ತು. ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಮೂವರು ಮಕ್ಕಳು, ಏನನ್ನು ಹೇರಿದರೂ ಏರು ಹತ್ತುತ್ತಿತ್ತು. ಒಡೆಯರಪಾಳ್ಯದಂಥ ಊರುಗಳಿಗೆ ಬೇಕಾಗಿದ್ದೂ ಅದೇ. 1997ರವರೆಗೆ ಕೊಳ್ಳೇಗಾಲ ತಾಲೂಕು ಮೈಸೂರು ಜಿಲ್ಲೆಯಲ್ಲೇ ಇದ್ದುದರಿಂದ, ಕಚೇರಿ ಕೆಲಸಕ್ಕೆ ಮೈಸೂರಿಗೆ ಹೋದವರಿಗೆ ಜಾವಾ ಕಾರ್ಖಾನೆ ದೂರದ ಸಂಗತಿಯಾಗಿರಲಿಲ್ಲ. ಅಲ್ಲಿ ನೌಕರಿ ಸಿಕ್ಕಿತೆಂದರೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು.

ಆದರೆ ಪತನದ ಬಗ್ಗೆ ಮಾತಾಡುವಾಗ ನಾವು ಭಾವುಕರಾಗಬಾರದು. 1980ರ ದಶಕದ ನಡುವಿನಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿಸಿ ಬೈಕುಗಳು ಬಂದವು. 1985ರಲ್ಲಿ ಹೀರೋ ಹೋಂಡಾ, ಅದೇ ಹೊತ್ತಿಗೆ ಯಮಹಾ. ಒಂದು ಲೀಟರಿಗೆ ಯೆಜ್ಡಿ ಓಡುವುದರ ಎರಡು ಪಟ್ಟಿಗಿಂತ ಹೆಚ್ಚು ದೂರ ಓಡುವ ಹೀರೋ ಹೋಂಡಾವನ್ನು ಬಿಟ್ಟು, ಹೊಗೆಯುಗುಳುವ ಗಾಡಿಯನ್ನು ಯಾರು ಕೊಳ್ಳುತ್ತಾರೆ? ನಾವೇ ಕೊಳ್ಳಲಿಲ್ಲ. ಹೊಗೆಯ ನಿಯಮಗಳು 1991ರಲ್ಲಿ ಬಂದು 1996ರಲ್ಲಿ ಬಿಗಿಯಾದವು. ಹಳೆಯ ಎಂಜಿನ್ನನ್ನು ಹೊಸದಾಗಿ ಕಟ್ಟುವ ಶಕ್ತಿ ಕಂಪನಿಗೆ ಉಳಿದಿರಲಿಲ್ಲ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2001ರಲ್ಲಿ ಹೈಕೋರ್ಟ್ ಕಂಪನಿಯನ್ನು ಮುಚ್ಚಿ ಆಸ್ತಿಯನ್ನು ಲಿಕ್ವಿಡೇಟರ್ ವಶಕ್ಕೆ ಕೊಡಲು ಆದೇಶಿಸಿತು. ಇಂದು ಯೆಜ್ಡಿ ಎಂದರೆ ಕಣ್ಣು ಒದ್ದೆ ಮಾಡಿಕೊಳ್ಳುವ ನಮ್ಮ ತಲೆಮಾರಿನವರಲ್ಲಿ ಎಷ್ಟೋ ಮಂದಿ 1990ರಲ್ಲಿ ಹೀರೋ ಹೋಂಡಾದ ಬುಕಿಂಗ್ ಸಾಲಿನಲ್ಲಿ ನಿಂತಿದ್ದವರು. ಅದು ತಪ್ಪೆಂದು ಹೇಳುತ್ತಿಲ್ಲ, ಸಂಸಾರಸ್ಥರಿಗೆ ಪೆಟ್ರೋಲಿನ ಲೆಕ್ಕ ಇದ್ದೇ ಇರುತ್ತದೆ. ಆದರೆ ಸತ್ತ ಮೇಲೆ ಬಂದ ಈ ಪ್ರೀತಿ ಯಾರ ಮೇಲೆ?

ಯಂತ್ರದ ಮೇಲೆ ಎಂಬುದು ಸ್ಪಷ್ಟ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಹಳೆಯ ಗಾಡಿಗಳ ಮೆರವಣಿಗೆ ನಡೆಯುತ್ತದೆ. ಕ್ರೋಮ್ ತಿಕ್ಕಿ ಹೊಳೆಯಿಸಿರುತ್ತಾರೆ. ಒಳ್ಳೆಯದೇ. ಆದರೆ ಆ ಕ್ರೋಮನ್ನು ಮೊದಲು ಹಚ್ಚಿದವನು ಈಗ ಎಲ್ಲಿದ್ದಾನೆ, 1996ರಲ್ಲಿ ಗೇಟು ಮುಚ್ಚಿದ ಮಾರನೆಯ ದಿನ ಏನು ಮಾಡಿದ ಎಂಬುದು ಆ ಸಂಭ್ರಮದ ಮಾತುಗಳಲ್ಲಿ ಬರುವುದಿಲ್ಲ.

ಹೊರಗಿನ ಒಂದು ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅಮೆರಿಕದ ಸ್ಟುಡ್‌ಬೇಕರ್ ಕಾರು ನಮ್ಮಲ್ಲೂ ಒಂದು ಕಾಲಕ್ಕೆ ಓಡಾಡಿತ್ತು, ಹಿಂದೂಸ್ತಾನ್ ಮೋಟಾರ್ಸ್‌ನವರು ಅದನ್ನು ಇಲ್ಲಿ ಜೋಡಿಸುತ್ತಿದ್ದರು. 1852ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಕಮ್ಮಾರ ಸಹೋದರರಿಬ್ಬರು ಕುದುರೆಗಾಡಿ ಮಾಡುವ ಅಂಗಡಿಯಾಗಿ ಶುರು ಮಾಡಿದ ಸಂಸ್ಥೆ ಅದು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಗಾಡಿ ಕೊಟ್ಟು ಬೆಳೆಯಿತು, 20ನೇ ಶತಮಾನದ ಆರಂಭದಲ್ಲಿ ಕಾರು ಮಾಡತೊಡಗಿತು. ಡೆಟ್ರಾಯ್ಟ್‌ನ ದೊಡ್ಡ ಕಂಪನಿಗಳ ಜೊತೆ ಸ್ಪರ್ಧಿಸಲಾಗದೆ 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆಯನ್ನು ಮುಚ್ಚಿತು. ಕೆನಡಾದಲ್ಲಿ ಉಳಿದಿದ್ದ ಕೊನೆಯ ಕಾರ್ಖಾನೆ 1966ರಲ್ಲಿ ನಿಂತಿತು.

ನಮಗೆ ಮುಖ್ಯವಾದದ್ದು ಕಾರಲ್ಲ, ಪಿಂಚಣಿ. ಸೌತ್ ಬೆಂಡ್ ಕಾರ್ಮಿಕರಿಗೆ ಪಿಂಚಣಿಯ ಭರವಸೆ ಇತ್ತು, ನಿಧಿಯಲ್ಲಿ ಸಾಕಷ್ಟು ಹಣವಿರಲಿಲ್ಲ. 60 ದಾಟಿದವರಿಗೆ ಪೂರ್ತಿ ಸಿಕ್ಕಿತು. 40ರಿಂದ 59 ವಯಸ್ಸಿನ ಸುಮಾರು 4,000 ಮಂದಿಗೆ ತಮಗೆ ಬರಬೇಕಾದುದರಲ್ಲಿ ಸುಮಾರು 15 ಶೇಕಡಾ ಮಾತ್ರ ಬಂತು. ಅವರಿಗಿಂತ ಚಿಕ್ಕವರಿಗೆ ಏನೂ ಇಲ್ಲ. ಅಂದರೆ ಬದುಕಿನ ಅತ್ಯುತ್ತಮ ವರ್ಷಗಳನ್ನು ಕೊಟ್ಟು, ಬೇರೆ ಕೆಲಸ ಹುಡುಕುವ ವಯಸ್ಸು ಮೀರಿದ್ದವರಿಗೇ ದೊಡ್ಡ ಏಟು. ಈ ಘಟನೆ ಅಲ್ಲಿ ಎಷ್ಟು ಕಾಡಿತೆಂದರೆ, ಕಾರ್ಮಿಕ ಸಂಘಗಳ ಒತ್ತಾಯ, ಸಂಸತ್ತಿನ ಚರ್ಚೆಗಳ ನಂತರ 1974ರಲ್ಲಿ ಖಾಸಗಿ ಪಿಂಚಣಿಯನ್ನು ಕಾಪಾಡುವ ಕಾಯ್ದೆ ಬಂತು. ಸ್ಟುಡ್‌ಬೇಕರ್ ಎಂಬ ಹೆಸರು ಬಿಟ್ಟುಹೋದ ಆಸ್ತಿಗಳಲ್ಲಿ ಅದೂ ಒಂದೆಂದು ನಾವು ಭಾವಿಸುತ್ತೇವೆ, ಕಾರಿನ ಮ್ಯೂಸಿಯಂಗಳಿಗಿಂತ ಬೆಲೆಯುಳ್ಳದ್ದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲವೆಂದೇನಲ್ಲ. 1985ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚಿದ ಕಂಪನಿಯ ಆಸ್ತಿ ಹಂಚುವಾಗ ಕಾರ್ಮಿಕರ ಬಾಕಿಯನ್ನು ಅಡಮಾನವಿಟ್ಟುಕೊಂಡ ಬ್ಯಾಂಕುಗಳ ಬಾಕಿಯ ಸಾಲಿನಲ್ಲೇ ಕೂರಿಸಲಾಯಿತು. 2016ರ ದಿವಾಳಿ ಸಂಹಿತೆಯಲ್ಲೂ ಆ ಸಾಲು ಇದೆ, ಆದರೆ ಕೊನೆಯ 24 ತಿಂಗಳ ಬಾಕಿಗೆ ಮಾತ್ರ. ಇಪ್ಪತ್ತು ವರ್ಷ ದುಡಿದವನ ಲೆಕ್ಕವನ್ನು ಇಪ್ಪತ್ತನಾಲ್ಕು ತಿಂಗಳಿಗೆ ಇಳಿಸಿದ್ದು ಯಾವ ನ್ಯಾಯವೋ ತಿಳಿಯದು.

ಪ್ರಶ್ನೆ ಇಲ್ಲಿಂದ ಮುಂದಕ್ಕಿದೆ. ಜಮೀನು, ಯಂತ್ರ, ಕಟ್ಟಡ ಆಸ್ತಿಯಾದರೆ ಹೆಸರು ಆಸ್ತಿಯಲ್ಲವೇ? ಆಸ್ತಿಯೇ, ಅದಕ್ಕೆ ಬೆಲೆಯೂ ಇದೆ. ಅಂಬಾಸಿಡರ್ ಕಾರಿನ ತಯಾರಿ 2014ರಲ್ಲಿ ನಿಂತಿತು. 2017ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿತು. ಕಾರಲ್ಲ, ಬರೀ ಹೆಸರು. ಆ ಹಣವನ್ನು ನೌಕರರ ಮತ್ತು ಸಾಲ ಕೊಟ್ಟವರ ಬಾಕಿ ತೀರಿಸಲು ಬಳಸುವುದಾಗಿ ಕಂಪನಿಯ ಕಡೆಯವರು ಆಗ ಹೇಳಿದ್ದರು.

ಯೆಜ್ಡಿ ವಿಷಯದಲ್ಲಿ ವ್ಯಾಜ್ಯ ನಡೆದದ್ದೂ ಇದರ ಮೇಲೆಯೇ. ಸ್ಥಾಪಕರಲ್ಲೊಬ್ಬರಾದ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಿದ್ದರು. ಮಹೀಂದ್ರಾ ಸಮೂಹದೊಂದಿಗೆ ಅವರು ಕೈಜೋಡಿಸಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಹೊಸ ಯೆಜ್ಡಿಗಳು 334 ಸಿಸಿಯ ಫೋರ್ ಸ್ಟ್ರೋಕ್ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮುಚ್ಚಿದ ಕಂಪನಿಯ ಆಸ್ತಿ, ಅದರ ಬೆಲೆ ಕಂಪನಿಯ ಬಾಕಿದಾರರಿಗೆ ಸೇರಬೇಕು ಎಂದು ಲಿಕ್ವಿಡೇಟರ್ ಮತ್ತು ಹಳೆಯ ನೌಕರರ ಸಂಘ ಕೋರ್ಟಿಗೆ ಹೋದರು. 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅವರ ವಾದವನ್ನು ಒಪ್ಪಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಮಾಡಿ ಇರಾನಿಯವರ ಪರವಾಗಿ ತೀರ್ಪು ಕೊಟ್ಟಿತು.

ನ್ಯಾಯಾಲಯದ ಮಾತಿನ ಮೇಲೆ ಟೀಕೆ ನಮ್ಮ ಉದ್ದೇಶವಲ್ಲ. ಇರಾನಿಯವರ ಪಕ್ಷದಲ್ಲೂ ಬಲವಿದೆ. ವರ್ಷಾನುಗಟ್ಟಲೆ ಯಾರೂ ಬಳಸದೆ ಧೂಳು ತಿನ್ನುತ್ತಿದ್ದ ಹೆಸರನ್ನು ಎತ್ತಿ ಒರೆಸಿದವರು ಅವರು. ಲಿಕ್ವಿಡೇಟರನ ಕಪಾಟಿನಲ್ಲೇ ಉಳಿದಿದ್ದರೆ ಪೀತಂಪುರದಲ್ಲಿ ಒಬ್ಬನಿಗೂ ಕೆಲಸ ಸಿಗುತ್ತಿರಲಿಲ್ಲ. ಆ ಹೆಸರು ಅವರ ಮನೆತನದ ನೆನಪೂ ಹೌದು. ಆದರೆ ಕಾನೂನಿನಲ್ಲಿ ಯಾರ ಹಕ್ಕು ಎಂಬುದು ತೀರ್ಮಾನವಾದ ಮಾತ್ರಕ್ಕೆ ಯಾರ ಋಣ ಎಂಬುದು ತೀರ್ಮಾನವಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಸಾವಾದಾಗ, ಜನಾಝ ನಮಾಝಿಗೆ ಮೊದಲು ಮಗ ಎದ್ದು ನಿಂತು, ನನ್ನ ತಂದೆಯಿಂದ ಯಾರಿಗಾದರೂ ಬರಬೇಕಾದದ್ದಿದ್ದರೆ ನನ್ನನ್ನು ಕಾಣಿ ಎನ್ನುವುದುಂಟು. ಸಾಲ ತೀರಿದ ಮೇಲೆಯೇ ಆಸ್ತಿಯ ಪಾಲು. ತಂದೆಯ ಋಣ ಮಗನಿಗೆ ಎಂಬ ಮಾತು ನೆರೆಮನೆಯ ಹಿಂದೂವಿಗೂ ಹೊಸದಲ್ಲ. ಹೆಸರು ಮಾತ್ರ ನನಗಿರಲಿ, ಬಾಕಿ ತಂದೆಯ ಜೊತೆಗೇ ಹೋಗಲಿ ಎಂದವನನ್ನು ಊರು ಮಗನೆಂದು ಕರೆಯುವುದಿಲ್ಲ. ಕಂಪನಿ ಮನುಷ್ಯನಲ್ಲ, ಅದಕ್ಕೆ ಮಗನಿಲ್ಲ ಎನ್ನಬಹುದು, ಸೀಮಿತ ಹೊಣೆಗಾರಿಕೆ ಎಂಬ ತತ್ತ್ವ ಹುಟ್ಟಿದ್ದೇ ಈ ಋಣದ ಸರಪಣಿಯನ್ನು ಕಡಿಯಲು. ಅದಿಲ್ಲದಿದ್ದರೆ ಯಾರೂ ಧೈರ್ಯವಾಗಿ ಕಾರ್ಖಾನೆ ಹಾಕುತ್ತಿರಲಿಲ್ಲ ಎಂಬುದೂ ನಿಜವೇ. ಆದರೆ ಒಂದು ಬ್ರ್ಯಾಂಡು ಮಾರಾಟಕ್ಕೆ ಬಂದಾಗ ಅದೇ ಕಂಪನಿಗೆ ಪರಂಪರೆ ಬರುತ್ತದೆ, ವಂಶ ಬರುತ್ತದೆ, ಜಾಹೀರಾತಿನಲ್ಲಿ ಮೈಸೂರಿನ ಹಳೆಯ ಚಿತ್ರಗಳು ಬರುತ್ತವೆ. ಪರಂಪರೆಯನ್ನು ಮಾರಿಕೊಳ್ಳುವಾಗ ಮನುಷ್ಯನಾಗಿ, ಬಾಕಿ ಕೇಳಿದಾಗ ಕಾಗದವಾಗುವುದು ಯಾಕೆ?

ಇನ್ನೂ ಒಂದು ಮಾತಿದೆ, ಅದು ಬೆಲೆ ಕಟ್ಟಲಾಗದ್ದು. 1996ರಿಂದ 2022ರವರೆಗೆ ಆ ಹೆಸರನ್ನು ಬದುಕಿಸಿದವರು ಯಾರು? ಕಂಪನಿ ಇರಲಿಲ್ಲ, ಜಾಹೀರಾತು ಇರಲಿಲ್ಲ, ಬಿಡಿಭಾಗ ಸರಬರಾಜೂ ಇರಲಿಲ್ಲ. ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಹಳೆಯ ಕ್ರ್ಯಾಂಕ್ ಹುಡುಕಿ ತಂದು, ಲೇತಿನಲ್ಲಿ ಬುಷ್ ತೆಗೆದು, ಇಂಥ ಗಾಡಿಗಳನ್ನು ಓಡಿಸಿಟ್ಟ ಮೆಕ್ಯಾನಿಕ್‌ಗಳು. ಅವರಲ್ಲಿ ನಮ್ಮ ಸಾಬರ ಹುಡುಗರೂ ಇದ್ದರು, ಆಚಾರಿಗಳೂ ಇದ್ದರು. ಆ ಇಪ್ಪತ್ತಾರು ವರ್ಷ ಗಾಡಿಗಳೆಲ್ಲ ಗುಜರಿಗೆ ಹೋಗಿದ್ದರೆ ಯೆಜ್ಡಿ ಎಂಬ ಪದಕ್ಕೆ ಇಂದು ಕಾಸಿನ ಬೆಲೆ ಇರುತ್ತಿರಲಿಲ್ಲ. ಅವರಿಗೆ ಪಾಲು ಕೊಡಿ ಎಂದು ಯಾವ ಕೋರ್ಟಿಗೂ ಯಾರೂ ಹೋಗುವುದಿಲ್ಲ, ಅವರೂ ಕೇಳುವುದಿಲ್ಲ. ಯಾದವಗಿರಿಯ ಹಳೆಯ ಕಾರ್ಮಿಕರು ಮಾತ್ರ ಕೇಳಿದರು, ಸಂಘ ಕಟ್ಟಿಕೊಂಡು ಕೇಳಿದರು. ಅದನ್ನು ದುರಾಸೆ ಎನ್ನಲು ನಮಗೆ ಮನಸ್ಸಾಗುವುದಿಲ್ಲ.

ಅಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಯುವಕ ಹಳೆಯ ಗಾಡಿಗೆ ಒಂದು ಬೆಲೆ ಹೇಳಿದ. ನಮ್ಮ ಲೆಕ್ಕದಲ್ಲಿ ದೊಡ್ಡ ಮೊತ್ತವೇ. ರೈತರು ತಲೆಯಾಡಿಸಿದರು. "ಕೊಡಕ್ಕಿಲ್ಲ ಕಣಪ್ಪ" ಎಂದಷ್ಟೇ ಹೇಳಿದರು. ಅವನು ಹೊರಟುಹೋದ ಮೇಲೆ, ನಾವು ಮೈಸೂರಿನ ಕಡೆ ಹೋಗುವವರೆಂದು ತಿಳಿದು ನಮ್ಮ ಹತ್ತಿರ ಬಂದರು.

"ಅಲ್ಲಿ ಜಾವಾ ಫ್ಯಾಕ್ಟ್ರಿಲಿ ಕೆಲ್ಸ ಮಾಡ್ದೋರು ಯಾರಾದ್ರೂ ಇನ್ನೂ ಇದ್ದಾರಾ ಸಾ? ಕ್ಲಚ್ ಸರಿಯಾಗಿ ಕೂರ್ತಾ ಇಲ್ಲ. ಇಲ್ಲಿ ನೋಡ್ತಿದ್ದ ಮೆಕ್ಯಾನಿಕ್ಕು ಹೋದೊರ್ಸ ತೀರೋದ್ರು."

ವಿಚಾರಿಸಿ ಹೇಳುತ್ತೇವೆಂದು ಅವರ ನಂಬರು ಬರೆದುಕೊಂಡು ಬಂದೆವು. ಯಾದವಗಿರಿಯ ಬಳಿ ಒಬ್ಬರು ನಿವೃತ್ತರು ಸಿಕ್ಕಿದ್ದಾರೆ. ಕಣ್ಣು ಸ್ವಲ್ಪ ಮಂಜು, ಬಸ್ಸಿನಲ್ಲಿ ಅಷ್ಟು ದೂರ ಬರಲಾಗದು, ಗಾಡಿಯನ್ನೇ ಕಳಿಸಿದರೆ ನೋಡಿಕೊಡುತ್ತೇನೆ ಎಂದಿದ್ದಾರೆ.